ಜೂನ್ ಒಂದರಂದು ಹುಟ್ಟಿದ ಇಪ್ಪತ್ತಮೂರು ಮಂದಿ

ನಮ್ಮ ಸಂಸ್ಥೆಯ ಹನ್ನೊಂದು ಕಂಪ್ಯೂಟರುಗಳಿಗೆ ಪುಕ್ಕಟೆ ಆಫೀಸ್ ತಂತ್ರಾಂಶ ಹಾಕಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಹೇಳುವಾಗ ನುಣುಚಿಕೊಳ್ಳಲು ಸಂದಿ ಹುಡುಕುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ನಮ್ಮದು ಖಾಸಗಿ ಶಿಕ್ಷಣ ಸಂಸ್ಥೆ. ಮುಖ್ಯ ಕಚೇರಿ ಚಿಕ್ಕೋಡಿಯಲ್ಲಿ. ಚಿಕ್ಕೋಡಿಯಲ್ಲೇ ಎರಡು ಶಾಲೆ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಒಂದೊಂದು. ಶಿಕ್ಷಕರು, ಸಿಪಾಯಿಗಳು, ಆಯಾಗಳು, ಬಸ್ ಚಾಲಕರು ಎಲ್ಲ ಸೇರಿ ತೊಂಬತ್ತರ ಆಸುಪಾಸು ನೌಕರರು. ಅವರ ಸೇವಾ ಪುಸ್ತಕ, ರಜೆ, ಬಡ್ತಿ, ನಿವೃತ್ತಿ, ಇವೆಲ್ಲ ಪ್ರಥಮ ದರ್ಜೆ ಸಹಾಯಕಿಯಾದ ನನ್ನ ಟೇಬಲ್ಲಿನ ಕೆಲಸ. ಅಧೀಕ್ಷಕಿಯಾಗಿ ಬಡ್ತಿ ಸಿಗುವ ಸರದಿ ನಾನು ಹೇಳಹೊರಟಿರುವ ವರ್ಷದ ಮಾರ್ಚಿನಲ್ಲಿ ನನಗೆ ಬರುವುದಿತ್ತು. ಇದೂ ಕಥೆಗೆ ಬೇಕು.

ಮೊದಲು ನಮ್ಮ ಎಲ್ಲ ಯಂತ್ರಗಳಲ್ಲಿ ಒಂದೇ ಸಿ.ಡಿ.ಯಿಂದ ಇಳಿಸಿದ ಕಳ್ಳ ಪ್ರತಿ ಇತ್ತು. ಯಾರು, ಯಾವಾಗ ತಂದರೋ ಯಾರಿಗೂ ನೆನಪಿಲ್ಲ. ಆಮೇಲಾಮೇಲೆ ಪರದೆಯ ಮೇಲುಗಡೆ ಕೆಂಪು ಪಟ್ಟಿಯೊಂದು ಬಂದು, ಇದು ಅಸಲಿ ಅಲ್ಲ, ಇದು ಅಸಲಿ ಅಲ್ಲ ಎಂದು ದಿನವಿಡೀ ಹೇಳತೊಡಗಿತು. ಕೊನೆಗೆ ಲೆಕ್ಕಪರಿಶೋಧಕರು ಖರೀದಿಯ ಬಿಲ್ಲು ಕೇಳಿದಾಗ ಅಧ್ಯಕ್ಷರು ನನ್ನ ಮುಖ ನೋಡಿದರು. ಹನ್ನೊಂದು ಯಂತ್ರಕ್ಕೆ ಅಸಲಿ ಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಆಗ ನಾನು ಮುಕ್ತ ತಂತ್ರಾಂಶದ ಮಾತು ತೆಗೆದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಎಷ್ಟು ಯಂತ್ರಕ್ಕಾದರೂ ಹಾಕಬಹುದು, ಒಳಗೆ ಹೇಗೆ ಕಟ್ಟಿದ್ದಾರೆಂದು ಬಲ್ಲವರು ತೆರೆದು ನೋಡಬಹುದು, ಪರವಾನಗಿ ಯಾರೂ ಕೇಳುವುದಿಲ್ಲ ಎಂದೆಲ್ಲ ವಿವರಿಸಿದೆ.

"ಪುಕ್ಕಟೆ ಕೊಡತಾರಂದ್ರ ಅದರಾಗ ಏನರ ಮಸಲತ್ತ ಇರತೈತಿ. ನಾಳೆ ಏನರ ಆತಂದ್ರ ಯಾರನ್ನ ಹಿಡಿಯೂದ್ರಿ?" ಅಂದರು ಅಧ್ಯಕ್ಷರು.

"ನನ್ನನ್ನ ಹಿಡೀರಿ" ಅಂದೆ. ಸಭೆಯಲ್ಲಿ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಹಾಕಿಕೊಟ್ಟವನು ಊರಿನದೇ ಒಬ್ಬ ಕಂಪ್ಯೂಟರ್ ರಿಪೇರಿಯವನು. ಒಂದು ಮಧ್ಯಾಹ್ನದಲ್ಲಿ ಹನ್ನೊಂದೂ ಯಂತ್ರ ಮುಗಿಸಿದ. ಪರದೆಯ ಮೇಲೆ ಏನೇನೋ ಕೇಳುತ್ತಿತ್ತು, ಅವನು 'ಮುಂದೆ', 'ಮುಂದೆ' ಎಂದು ಒತ್ತುತ್ತಾ ಹೋದ. ಪಕ್ಕದಲ್ಲಿ ನಿಂತಿದ್ದ ನಾನು ಅವನ ಚುರುಕುತನಕ್ಕೆ ತಲೆದೂಗಿದೆ.

ಮೊದಲ ವಾರಗಳಲ್ಲಿ ಬೈಗುಳ ತಿಂದೆ. ಗುಂಡಿಗಳೆಲ್ಲ ಜಾಗ ಬದಲಿಸಿದ್ದವು. ನಮ್ಮಲ್ಲಿ ಸರಿಯಾಗಿ ಒಂದು ಪುಟಕ್ಕೆ ಕೂರುತ್ತಿದ್ದ ಪತ್ರ, ಹಳೆಯ ತಂತ್ರಾಂಶ ಇರುವ ಬೇರೆ ಕಚೇರಿಗೆ ಹೋದರೆ ಕೊನೆಯ ಸಾಲನ್ನೂ ಸಹಿಯನ್ನೂ ಎರಡನೆಯ ಪುಟಕ್ಕೆ ದೂಡುತ್ತಿತ್ತು. ರಾಯಬಾಗದ ಗಣಿತದ ಮಾಸ್ತರರು ತಾನಾಗಿ ಲೆಕ್ಕ ಮಾಡುವ ಮ್ಯಾಕ್ರೋ ಬರೆದು ಮಾಡಿಕೊಂಡಿದ್ದ ಅಂಕಪಟ್ಟಿ ಪೂರಾ ಸತ್ತುಹೋಯಿತು. ಅವರು ಎರಡು ತಿಂಗಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಏನಾದರೂ ಕೆಟ್ಟರೆ ಫೋನ್ ಮಾಡಿ ಜಗಳ ತೆಗೆಯಲು ಒಬ್ಬ ಮನುಷ್ಯ ಇಲ್ಲ ಎಂದು ಎಲ್ಲರೂ ದೂರಿದರು. ಕಳ್ಳ ಪ್ರತಿ ಇದ್ದಾಗ ನಾವು ಯಾರಿಗೆ ಫೋನ್ ಮಾಡುತ್ತಿದ್ದೆವು ಎಂದು ನಾನು ಕೇಳಿದರೆ ಮಾತ್ರ ತಮ್ಮ ತಮ್ಮ ಟೇಬಲ್ಲಿಗೆ ತಿರುಗುತ್ತಿದ್ದರು.

ಒಳ್ಳೆಯದೂ ಇತ್ತು. ಕೆಂಪು ಪಟ್ಟಿ ಹೋಯಿತು. ಹಳೆಯ ಯಂತ್ರಗಳಲ್ಲೂ ನಡೆಯಿತು. ಪತ್ರವನ್ನು ಒಂದೇ ಒತ್ತಿಗೆ ಪಿಡಿಎಫ್ ಮಾಡಿಕೊಡುತ್ತಿತ್ತು. ಹಳೆಯದರಲ್ಲಿ ತೆರೆಯಲು ಒಪ್ಪದ ಕೆಟ್ಟ ಕಡತವೊಂದನ್ನು, ಕಾಗವಾಡ ಶಾಲೆಯ ದಾಖಲಾತಿ ಪಟ್ಟಿಯನ್ನು, ಇದು ತಕರಾರಿಲ್ಲದೆ ತೆರೆದಾಗ ನಾನು ಇಡೀ ಕಚೇರಿಗೆ ಚಹಾ ಕುಡಿಸಿದೆ. ನನಗೆ ಹಟ ಬಂದಿತ್ತು. ಇದನ್ನು ಗೆಲ್ಲಿಸಿಯೇ ತೀರಬೇಕು ಎಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಮುಂದಿನ ವರ್ಷ ನಿವೃತ್ತರಾಗುವವರ ಪಟ್ಟಿ ಮಾಡುವ ಕೆಲಸ ಬಂತು. ನಮ್ಮಲ್ಲಿ ಐವತ್ತೆಂಟು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಹಿಂದಿನ ಗುಮಾಸ್ತರು ಮಾಡಿಟ್ಟಿದ್ದ ಕಡತವೂ ಮ್ಯಾಕ್ರೋದಿಂದಲೇ ನಡೆಯುತ್ತಿದ್ದುದರಿಂದ ಹೊಸತೊಂದನ್ನು ಕಟ್ಟಲು ಕುಳಿತೆ. ಐದೂ ಶಾಲೆಗಳಿಗೆ ನೌಕರರ ಹೆಸರು, ಹುಟ್ಟಿದ ದಿನಾಂಕ, ಸೇರಿದ ದಿನಾಂಕ ವಾಟ್ಸಪ್ಪಿನಲ್ಲಿ ಕಳಿಸಿ ಎಂದೆ. ಬಂದದ್ದನ್ನು ನಕಲು ಮಾಡಿ ಹಾಳೆಯಲ್ಲಿ ಅಂಟಿಸಿದೆ. ಅಂಟಿಸುವಾಗ ಪ್ರತಿ ಸಲವೂ ಒಂದು ಚೌಕ ಎದ್ದು ಬರುತ್ತಿತ್ತು. ಇದು ಯಾವ ಭಾಷೆಯದು, ಯಾವ ಕಂಬದಲ್ಲಿ, ಅಂದರೆ ಕಾಲಮ್ಮಿನಲ್ಲಿ, ಏನಿದೆ, ದಿನಾಂಕವಾದರೆ ತಾರೀಖು ಮೊದಲೋ ತಿಂಗಳು ಮೊದಲೋ ಎಂದೆಲ್ಲ ಅದರಲ್ಲಿ ಕೇಳಿರುತ್ತದೆ. ಐದು ಶಾಲೆ, ಐದು ಸಲ ಚೌಕ. ಐದು ಸಲವೂ ಓದದೆ ಓಕೆ ಒತ್ತಿದೆ.

ನಾಲ್ಕನೆಯ ಕಂಬಕ್ಕೆ ಸೂತ್ರ ಬರೆದೆ. ಹುಟ್ಟಿದ ದಿನಕ್ಕೆ ಐವತ್ತೆಂಟು ವರ್ಷ ಕೂಡಿಸು, ಆ ತಿಂಗಳ ಕೊನೆಯ ದಿನ ಕೊಡು, ಒಂದನೇ ತಾರೀಖಿನಂದು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ ಕೊಡು. ಸೂತ್ರವನ್ನು ಕೆಳಗಿನ ತನಕ ಎಳೆದರೆ ಅರ್ಧದಷ್ಟು ಮನೆಗಳಲ್ಲಿ ದೋಷ ಎಂದು ಬಂತು. ರಿಪೇರಿಯವನಿಗೆ ಫೋನ್ ಹಚ್ಚಿದರೆ ಅವನು ಕೊಲ್ಹಾಪುರದಲ್ಲಿ ಯಾವುದೋ ಅಂಗಡಿಯಲ್ಲಿದ್ದ. ಇಸವಿ ಮೊದಲು, ಆಮೇಲೆ ತಿಂಗಳು, ಆಮೇಲೆ ತಾರೀಖು ಹಾಕಿ ನೋಡ್ರಿ ಎಂದು ಹೇಳಿ ಇಟ್ಟ. ಹಾಗೆ ಹಾಕಿದರೆ ಸರಿಯಾಯಿತು. ಎರಡು ದಿನ ಕುಳಿತು ದೋಷ ತೋರಿಸಿದ ಪ್ರತಿ ಮನೆಯನ್ನೂ ಸೇವಾ ಪುಸ್ತಕ ನೋಡಿ ಮತ್ತೆ ಬರೆದೆ. ಕೊನೆಯ ದೋಷ ಹೋಗಿ ಕಂಬ ಸ್ವಚ್ಛವಾದಾಗ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ದೋಷ ಇದೆ ಎಂದು ತೋರಿಸಿದ್ದನ್ನೆಲ್ಲ ತಿದ್ದಿದ್ದೆ. ತೋರಿಸದಿದ್ದುದನ್ನು ಮುಟ್ಟಲಿಲ್ಲ.

ಪಟ್ಟಿಯಲ್ಲಿ ಮೂರು ಹೆಸರು ಬಂದವು. ಚಿಕ್ಕೋಡಿ ಪ್ರಾಥಮಿಕ ಶಾಲೆಯ ಆಯಾ, ಜನವರಿ ಕೊನೆಗೆ. ಅಥಣಿಯ ಬಸ್ ಚಾಲಕರು, ಆಗಸ್ಟ್ ಕೊನೆಗೆ. ಕಾಗವಾಡದ ಮರಾಠಿ ಮಾಸ್ತರರು, ಅಕ್ಟೋಬರ್ ಕೊನೆಗೆ. ಸಭೆ ಒಪ್ಪಿತು, ಕಾರ್ಯದರ್ಶಿಗಳು ಸಹಿ ಮಾಡಿದರು, ಪತ್ರಗಳು ಹೋದವು. ಮಾಸ್ತರರು ಫೋನ್ ಮಾಡಿ, ಪಟ್ಟಿ ಪಕ್ಕಾ ಏನ್ರಿ ಎಂದು ಒಂದು ಸಲ ಕೇಳಿದರು. ಪಕ್ಕಾ ಅಂದೆ. ಅವರು ಮತ್ತೇನೂ ಕೇಳದೆ ಇಟ್ಟುಬಿಟ್ಟರು.

ಆಯಾ ಏನೂ ಕೇಳಲಿಲ್ಲ. ಕರೋಶಿಯಿಂದ ದಿನಾ ಬಸ್ಸಿಗೆ ಬರುವ ಹೆಂಗಸು. ಮದುವೆಯಾಗಿಲ್ಲ. ಕಣ್ಣು ಮಂದವಾಗುತ್ತ ನಡೆದ ತಂಗಿಯೊಬ್ಬಳಿದ್ದಾಳೆ, ಮನೆ ನಡೆಯುವುದು ಈಕೆಯ ಸಂಬಳದಲ್ಲಿ. ಮೊದಲು ಎಂಟು ವರ್ಷ ದಿನಗೂಲಿಯ ಮೇಲಿದ್ದು ಆಮೇಲೆ ಕಾಯಂ ಆದವಳು. ಹೊಸದಾಗಿ ಒಂದನೇ ಇಯತ್ತೆಗೆ ಸೇರಿದ ಮಕ್ಕಳು ಮೊದಲ ದಿನ ಅತ್ತರೆ ಸುಮ್ಮನಾಗಿಸುವುದು ಅವಳೊಬ್ಬಳಿಗೇ ಬರುತ್ತಿತ್ತು. ಜನವರಿ ಕೊನೆಯ ದಿನ ಸೀರೆ, ತೆಂಗಿನಕಾಯಿ ಕೊಟ್ಟು ಕಳಿಸಿದೆವು. ನಾಲ್ಕು ಮಾತು ಆಡು ಎಂದರೆ ತಲೆ ತಗ್ಗಿಸಿ ಎಲ್ಲರಿಗೂ ಕೈಮುಗಿದಳು.

ಫೆಬ್ರವರಿ ನಾಲ್ಕರಂದು ಬೆಳಿಗ್ಗೆ ಪಿಂಚಣಿಯ ಅರ್ಜಿ ತುಂಬಿಸಲು ಬಂದಳು. ಕುರ್ಚಿಯಲ್ಲಿ ಕೂಡು ಎಂದರೂ ಬಾಗಿಲ ಪಕ್ಕದ ಬೆಂಚಿನ ತುದಿಗೆ ಕುಳಿತಳು. ಪಿಎಫ್‌ನಿಂದ ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಬೇಕು, ಒಂಬತ್ತೂವರೆ ದಾಟಿದರೆ ಹತ್ತು ಎಂದು ಹಿಡಿಯುತ್ತಾರೆ. ಅವಳ ಸೇವಾ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ದಿನಗೂಲಿಯ ಎಂಟು ವರ್ಷಕ್ಕೆ ಪಿಎಫ್ ಕಟ್ಟಿರಲಿಲ್ಲ, ಕಾಯಂ ಆದದ್ದು ಅಕ್ಟೋಬರ್ ಒಂದಕ್ಕೆ. ಒಂಬತ್ತು ವರ್ಷ ನಾಲ್ಕು ತಿಂಗಳು. ಮತ್ತೆ ಹಾಕಿದೆ, ಅಷ್ಟೇ. ಎರಡು ತಿಂಗಳು ಕಡಿಮೆ. ಕಟ್ಟಿದ ಹಣ ಒಂದು ಗಂಟಾಗಿ ಕೈಗೆ ಬರುತ್ತದೆ, ಜೀವನಪರ್ಯಂತ ತಿಂಗಳು ತಿಂಗಳು ಬರುವುದು ಬರುವುದಿಲ್ಲ.

ಇದನ್ನು ಅವಳಿಗೆ ಹೇಗೆ ಹೇಳುವುದೆಂದು ತೋಚದೆ ಪುಸ್ತಕದ ಮೊದಲ ಪುಟಕ್ಕೆ ಹೋದೆ. ಅರ್ಜಿಯಲ್ಲಿ ಹುಟ್ಟಿದ ದಿನಾಂಕವನ್ನು ಅಕ್ಷರದಲ್ಲೂ ಬರೆಯಬೇಕು. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಜೂನ್ ಒಂದು.

ಜೂನ್ ಒಂದಕ್ಕೆ ಹುಟ್ಟಿದವಳು ಮೇ ಕೊನೆಗೆ ನಿವೃತ್ತಳಾಗಬೇಕು, ಜನವರಿ ಎಲ್ಲಿಂದ ಬಂತು? ಪರದೆಯ ಮೇಲೆ ಅವಳ ಸಾಲು ತೆಗೆದೆ. ಅಲ್ಲೂ ಸರಿಯಾಗಿಯೇ ಇತ್ತು, ಮೊದಲು ಒಂದು, ಆಮೇಲೆ ಆರು, ಆಮೇಲೆ ಇಸವಿ. ಕಣ್ಣಿಗೆ ತಪ್ಪು ಕಾಣುತ್ತಿಲ್ಲ, ಉತ್ತರ ತಪ್ಪು ಬಂದಿದೆ. ಆ ಕಂಬವನ್ನು ಪೂರಾ ಹಿಡಿದು, ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ತೋರಿಸು ಎಂದು ಬದಲಿಸಿದೆ.

ಜನವರಿ ಆರು, ಜನವರಿ ಆರು, ಜನವರಿ ಆರು. ಎಣಿಸಿದೆ. ಇಪ್ಪತ್ತಮೂರು ಮಂದಿ.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹುಟ್ಟಿದ ದಿನ ಬರೆದಿಡುವ ರೂಢಿ ಮನೆಗಳಲ್ಲಿ ಇರಲಿಲ್ಲ. ಮಗುವನ್ನು ಶಾಲೆಗೆ ತಂದಾಗ ಮಾಸ್ತರರು ಅದರ ಮೈಕಟ್ಟು ನೋಡಿ ಇಸವಿ ಅಂದಾಜಿಸಿ, ಶಾಲೆ ಶುರುವಾಗುವ ಜೂನ್ ಒಂದನ್ನೇ ಜನ್ಮದಿನವೆಂದು ಬರೆದುಬಿಡುತ್ತಿದ್ದರು. ಅದಕ್ಕೇ ನಮ್ಮಲ್ಲಿ ಮೇ ಕೊನೆ ಬಂತೆಂದರೆ ನಿವೃತ್ತಿಯ ಹಾರಗಳಿಗೆ ಬರ ಬರುತ್ತದೆ. ತೊಂಬತ್ತರಲ್ಲಿ ಇಪ್ಪತ್ತಮೂರು ಮಂದಿ ಒಂದೇ ದಿನ ಹುಟ್ಟಿದ್ದಾರೆಂಬುದು ಇಷ್ಟು ವರ್ಷ ನನಗೆ ವಿಚಿತ್ರ ಅನಿಸಿರಲಿಲ್ಲ. ಅವರೆಲ್ಲ ಕೂಡಿ ಜನವರಿಗೆ ಹೋದಾಗಲೇ ಅದು ಕಣ್ಣಿಗೆ ಬಿತ್ತು.

ಆಗಿದ್ದದ್ದು ಇಷ್ಟು. ರಿಪೇರಿಯವನು 'ಮುಂದೆ', 'ಮುಂದೆ' ಎಂದು ಒತ್ತಿದಾಗ ತಂತ್ರಾಂಶ ಅಮೆರಿಕದ ಪದ್ಧತಿಯಲ್ಲೇ ಕುಳಿತುಬಿಟ್ಟಿತ್ತು. ಅಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. ಹದಿನೈದನೇ ತಾರೀಖು, ಇಪ್ಪತ್ತನೇ ತಾರೀಖಿನವರು ಬಂದಾಗ ಹದಿನೈದನೇ ತಿಂಗಳು ಎಂಬುದು ಇಲ್ಲವಾದ್ದರಿಂದ ಅದು ದೋಷ ತೋರಿಸಿತ್ತು. ಹನ್ನೆರಡರೊಳಗಿನ ತಾರೀಖಿನವರನ್ನು ಸುಮ್ಮನೆ ತಿರುಗಿಸಿ ಓದಿಕೊಂಡಿತ್ತು. ಕಾಗವಾಡದ ಮಾಸ್ತರರು ಮಾರ್ಚ್ ಹತ್ತರಂದು ಹುಟ್ಟಿದವರು, ಅಕ್ಟೋಬರ್ ಮೂರಕ್ಕೆ ಹೋಗಿದ್ದರು. ಏಳು ತಿಂಗಳು ಹೆಚ್ಚಿಗೆ ಸಿಕ್ಕವರು ಯಾಕೆ ದೂರುತ್ತಾರೆ? ಅವರ ಆ ಒಂದೇ ಒಂದು ಫೋನ್ ಕರೆ ಈಗ ಅರ್ಥವಾಯಿತು.

ಆಯಾಳಿಗೆ ಹೇಳಿದೆ, ನಿನ್ನ ತಾರೀಖು ತಪ್ಪಾಗಿದೆ, ಇವತ್ತೇ ಸರಿಮಾಡುತ್ತೇನೆ, ಮನೆಗೆ ಹೋಗಬೇಡ, ಇಲ್ಲೇ ಇರು. ಅವಳ ಮುಖ ಬಿಳಿಚಿತು. ಪಿಂಚಣಿ ಹೋಗುತ್ತದೆಂಬ ಅಂಜಿಕೆ ಎಂದು ತಿಳಿದು, ನೀರು ಕುಡಿಯಲು ಕೊಟ್ಟು ಫೋನ್ ಎತ್ತಿಕೊಂಡೆ.

ನಮ್ಮ ಪಿಎಫ್ ಕೆಲಸ ನೋಡುವ ಸಲಹೆಗಾರರ ಕಚೇರಿ ನಿಪ್ಪಾಣಿಯಲ್ಲಿ. ಕೆಲಸ ಬಿಟ್ಟವರ ದಿನಾಂಕವನ್ನು ಸರಕಾರದ ಜಾಲತಾಣಕ್ಕೆ ಏರಿಸುವವರು ಅವರೇ. ಒಮ್ಮೆ ಏರಿತೆಂದರೆ ತಿದ್ದಿಸಲು ಅರ್ಜಿ, ಪುರಾವೆ, ತಿಂಗಳುಗಟ್ಟಲೆ ಅಲೆದಾಟ. ತಿದ್ದಲು ಒಪ್ಪುತ್ತಾರೆಂಬ ಖಾತ್ರಿಯೂ ಇಲ್ಲ. ಸಲಹೆಗಾರರು ಫೋನ್ ಎತ್ತಲಿಲ್ಲ. ಮೂರನೆಯ ಸಲಕ್ಕೆ ಅವರ ಕಚೇರಿಯ ಹೆಣ್ಣುಮಗಳು ಎತ್ತಿ, ನಿಮ್ಮ ಸಂಸ್ಥೆಯದು ಇವತ್ತೇ ಏರಿಸುತ್ತಿದ್ದೇವೆ ಅಂದಳು. ಒಂದು ಹೆಸರು ನಿಲ್ಲಿಸಬೇಕು ಅಂದೆ. ಬಾಯಿಮಾತಿಗೆ ಆಗುವುದಿಲ್ಲ, ಸಹಿ ಮತ್ತು ಸಿಕ್ಕ, ಅಂದರೆ ಮೊಹರು, ಇರುವ ಆದೇಶ ಬೇಕು, ಸಾಹೇಬರು ನಾಲ್ಕರೊಳಗೆ ಏರಿಸಿ ಮುಗಿಸುತ್ತಾರೆ ಅಂದಳು. ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು.

ಕಾರ್ಯದರ್ಶಿಗಳ ಮನೆಗೆ ಹೋದರೆ ಅವರು ಊಟಕ್ಕೆ ಕುಳಿತಿದ್ದರು. ನಿವೃತ್ತ ಮುಖ್ಯಾಧ್ಯಾಪಕರು, ಸಮಾಧಾನದ ಮನುಷ್ಯ. ಎಲ್ಲ ಕೇಳಿ ಕೈ ತೊಳೆದು ಬಂದರು. ನಾಲ್ಕು ತಿಂಗಳು ಅವಳನ್ನು ದಿನಗೂಲಿಯ ಮೇಲೆ ಇಟ್ಟುಕೊಂಡರಾಯಿತು ಎಂಬುದು ಅವರ ಮೊದಲ ಉಪಾಯ. ನಮ್ಮಲ್ಲಿ ದಿನಗೂಲಿಗೆ ಪಿಎಫ್ ಕಟ್ಟುವುದಿಲ್ಲ ಎಂದು ವಿವರಿಸಿದೆ. ನಿವೃತ್ತಿ ಆದೇಶವನ್ನೇ ರದ್ದು ಮಾಡಬೇಕು.

"ಹಂಗಾರ ಸಾಫ್ಟವೇರ್ ತಪ್ಪ ಐತಿ ಅಂತ ಬರೀರಿ. ನೀವ್ಯಾಕ ಮೈಮ್ಯಾಲ ಹಾಕ್ಕೊತೀರಿ?" ಅಂದರು.

ಆ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದು ಈಗಲೂ ನೆನಪಿದೆ. ನಾನು ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಬರೆದುಕೊಂಡು ಬಂದಿದ್ದೆ. ಆದರೆ ಇಬ್ಬರೂ ಕೂಡಿ ನಿಯಮಾವಳಿಯ ಪುಸ್ತಕ ತೆರೆದು ಓದಿದೆವು. ತಂತ್ರಾಂಶದ ದೋಷ ಎಂದರೆ ಅದು ಆಡಳಿತ ಮಂಡಳಿಯ ಮುಂದೆ ಹೋಗಬೇಕು, ಯಾರು ಹಾಕಿಸಿದರು, ಯಾಕೆ ಹಾಕಿಸಿದರು ಎಂದು ವಿಚಾರಣೆ ಆಗಬೇಕು, ಸಭೆ ಇರುವುದು ಮಾರ್ಚಿನಲ್ಲಿ. ನೌಕರರ ಕೈತಪ್ಪು ಎಂದಾದರೆ ಕಾರ್ಯದರ್ಶಿಗಳು ಆ ಕ್ಷಣವೇ ತಾವೇ ತಿದ್ದಬಹುದು. ಆದರೆ ತಪ್ಪು ಮಾಡಿದವರ ಸೇವಾ ಪುಸ್ತಕದಲ್ಲಿ ಅದು ದಾಖಲಾಗುತ್ತದೆ. ನನ್ನ ಬಡ್ತಿಯೂ ಅದೇ ಮಾರ್ಚ್ ಸಭೆಯಲ್ಲಿ.

ನನ್ನೊಳಗೆ ಜಗಳ ನಡೆದಿತ್ತು. ಹಾಕಿಕೊಟ್ಟವನು ಓದದೆ ಒತ್ತಿದ. ಶಾಲೆಯವರು ಅಂಕಿಯಲ್ಲಿ ಕಳಿಸಿದರು. ಸಭೆ ಕಣ್ಣು ಮುಚ್ಚಿ ಒಪ್ಪಿತು. ಆಯಾ ಬಾಯಿ ಬಿಡಲಿಲ್ಲ. ಎಲ್ಲರ ಪಾಲೂ ಇತ್ತು. ಆದರೆ ಆ ಚೌಕ ಐದು ಸಲ ಎದ್ದು ಬಂದು, ತಾರೀಖು ಮೊದಲೋ ತಿಂಗಳು ಮೊದಲೋ ಎಂದು ನನ್ನನ್ನೇ ಕೇಳಿತ್ತು. ಬೇರೆ ಯಾರೂ ನನ್ನನ್ನು ಐದು ಸಲ ಕೇಳಿರಲಿಲ್ಲ. ಕೈತಪ್ಪು ಎಂದೇ ಬರೆಯುತ್ತೇನೆ ಅಂದೆ. ದೊಡ್ಡತನವೇನೂ ಇರಲಿಲ್ಲ, ನಾಲ್ಕು ಗಂಟೆಯ ಭಯವಿತ್ತು.

ಕಚೇರಿಗೆ ಓಡಿ ಆದೇಶ ಬೆರಳಚ್ಚು ಮಾಡಿದೆ. ಅದೇ ತಂತ್ರಾಂಶದಲ್ಲಿ. 'ಪ್ರಥಮ ದರ್ಜೆ ಸಹಾಯಕಿಯ ಅಜಾಗರೂಕತೆಯಿಂದ' ಎಂಬ ಮಾತನ್ನು ಎರಡು ಸಲ ಅಳಿಸಿ ಮೂರನೆಯ ಸಲ ಉಳಿಸಿದೆ. ಕಾರ್ಯದರ್ಶಿಗಳು ಬಂದು ಸಹಿ ಮಾಡಿ ಸಿಕ್ಕ ಒತ್ತಿದರು. ಸಲಹೆಗಾರರ ಫೋನಿಗೆ ವಾಟ್ಸಪ್ಪಿನಲ್ಲಿ ಅದರ ಚಿತ್ರ ಕಳಿಸಿದೆ. ಒಂದೇ ಒಂದು ಗುರುತು ಬಿತ್ತು, ಎರಡನೆಯದು ಬೀಳಲಿಲ್ಲ. ಹತ್ತು ನಿಮಿಷ ಆ ಒಂದು ಗುರುತನ್ನೇ ನೋಡಿದೆ. ಎರಡು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಆದೇಶವನ್ನು ಬ್ಯಾಗಿಗೆ ಹಾಕಿಕೊಂಡು ನಿಪ್ಪಾಣಿ ಬಸ್ಸು ಹತ್ತಿದೆ.

ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಡಬ್ಬಿ ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯ ನಡುವೆ ಹಾಡು ಹಚ್ಚಿಕೊಂಡು ನಿಧಾನಕ್ಕೆ ಹೋಗುತ್ತಿದ್ದವು. ನಮ್ಮ ಬಸ್ಸು ಅವುಗಳ ಹಿಂದೆ. ದಿನಾ ನೋಡುವ ದೃಶ್ಯವೇ, ಅವತ್ತು ಮಾತ್ರ ಒಂದೊಂದು ಟ್ರ್ಯಾಕ್ಟರಿಗೂ ಶಾಪ ಹಾಕಿದೆ. ಮೂರು ಗಂಟೆಗೆ ಅರ್ಧ ದಾರಿಯೂ ಆಗಿರಲಿಲ್ಲ. ಸಲಹೆಗಾರರಿಗೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, ಯಾರರ ದವಾಖಾನ್ಯಾಗ ಅದಾರೇನ್ರಿ ಎಂದು ಕೇಳಿದಳು. ಇಲ್ಲ ಅಂದರೂ ನಂಬದೆ ನನ್ನ ಮೊಣಕೈ ಸವರಿದಳು. ಬ್ಯಾಗಿನಲ್ಲಿದ್ದ ಕಾಗದವನ್ನು ಎಷ್ಟು ಸಲ ತೆಗೆದು ನೋಡಿದೆನೋ. ಮೇ ಮೂವತ್ತೊಂದು ಎಂದು ನಾನೇ ಬರೆದ ಅಕ್ಷರಗಳ ಮೇಲೂ ನನಗೆ ಅನುಮಾನ ಬರತೊಡಗಿತ್ತು.

ಸಲಹೆಗಾರರ ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಆರು ನಿಮಿಷ. ಅವರು ಪರದೆಯಿಂದ ಕಣ್ಣೆತ್ತಿ, ನಿಮ್ಮದು ಮೂರು ಗಂಟೆಗೇ ಹಾಕಿದೆ ಅಂದರು. ಆದರೂ ಆದೇಶವನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟೆ.

"ಹಾಕೇನಿ, ಆದ್ರ ಮುಗಿದಿಲ್ರಿ ಅಕ್ಕಾರ. ಓಟಿಪಿ ನಿಮ್ಮ ಸೆಕ್ರೆಟರಿ ಸಾಹೇಬ್ರ ಫೋನಿಗೆ ಹೋಗತೈತಿ. ಮೂರ ಸಲ ಕೇಳೇನಿ. 'ನಮ್ಮ ಅಕ್ಕಾರ ಹೊಂಟಾರ, ಅವರು ಮುಟ್ಟೂ ತನಕ ಹೇಳೂದಿಲ್ಲ' ಅಂತ ಕುಂತಾರ" ಅಂದರು. ಅವರಿಗೆ ಸಿಟ್ಟು ಬಂದಿತ್ತು. ನನಗೆ ಅಳು ಬಂತು. ಅಪರಿಚಿತರ ಕಚೇರಿಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡೆ.

ಆದೇಶ ಓದಿ ಅವರು ಆಯಾಳ ಸಾಲನ್ನು ಪಟ್ಟಿಯಿಂದ ತೆಗೆದುಹಾಕಿದರು. ನಾನು ಪರದೆಯ ಪಕ್ಕ ನಿಂತು, ಹೋಗಿದೆ ಎಂದು ಎರಡು ಸಲ ತೋರಿಸಿಕೊಂಡೆ.

ಮರುದಿನದಿಂದ ಉಳಿದ ಕೆಲಸ. ರಿಪೇರಿಯವನನ್ನು ಎದುರಿಗೆ ಕೂರಿಸಿಕೊಂಡು ಹನ್ನೊಂದೂ ಯಂತ್ರಗಳಲ್ಲಿ ಭಾರತದ ಪದ್ಧತಿ ಆರಿಸಿದೆವು. ಈ ಸಲ ಕೇಳಿದ್ದನ್ನೆಲ್ಲ ಜೋರಾಗಿ ಓದಿಸಿ, ಆಮೇಲೆ ಒತ್ತಿಸಿದೆ. ಆದರೆ ಒಮ್ಮೆ ತಿರುಗಿ ಕುಳಿತ ದಿನಾಂಕಗಳು ಪದ್ಧತಿ ಬದಲಿಸಿದರೂ ತಿರುಗಿ ಬರುವುದಿಲ್ಲ. ಐದೂ ಶಾಲೆಗಳ ಪಟ್ಟಿಯನ್ನು ಮೊದಲಿನಿಂದ ಅಂಟಿಸಿ, ಚೌಕ ಬಂದಾಗ ಆ ಕಂಬಕ್ಕೆ ತಾರೀಖು, ತಿಂಗಳು, ವರ್ಷ ಎಂಬ ಕ್ರಮ ಆರಿಸಿದೆ. ಒಂದೂ ದೋಷ ಬರಲಿಲ್ಲ. ದೋಷ ಬಾರದ್ದಕ್ಕೇ ಈಗ ಹೆಚ್ಚು ಅಂಜಿಕೆಯಾಗಿ, ತೊಂಬತ್ತು ಸೇವಾ ಪುಸ್ತಕಗಳನ್ನೂ ಒಂದೊಂದಾಗಿ ತಾಳೆ ನೋಡಿದೆ.

ಅಥಣಿಯ ಚಾಲಕರ ತಾರೀಖು ಮೊದಲೇ ಸರಿಯಿತ್ತು, ಕಾಗವಾಡದ ಮಾಸ್ತರರಿಗೆ ಮಾರ್ಚ್ ಕೊನೆಯ ಪತ್ರ ಹೋಯಿತು. ಅವರು ಫೋನ್ ಮಾಡಲಿಲ್ಲ. ಮಾರ್ಚ್ ಸಭೆಯಲ್ಲಿ ಅಧ್ಯಕ್ಷರು, ನನ್ನನ್ನ ಹಿಡೀರಿ ಅಂದಿದ್ದಿರಲ್ಲ, ಹಿಡಿದೆವು ಎಂದು ನಕ್ಕರು. ಅಧೀಕ್ಷಕ ಹುದ್ದೆ ನನಗಿಂತ ಕಿರಿಯರಿಗೆ ಹೋಯಿತು. ಬೇಜಾರಾಗಲಿಲ್ಲ ಎಂದರೆ ಯಾರೂ ನಂಬಬಾರದು. ಪುಕ್ಕಟೆಯದನ್ನು ಕಿತ್ತುಹಾಕೋಣವೇ ಎಂಬ ಮಾತೂ ಬಂತು. ಬೇಡ ಅಂದೆ. ಕೊಂಡು ತಂದದ್ದಾದರೂ ನಾವು ಹೇಳಿದ ಪದ್ಧತಿಯಲ್ಲೇ ಓದುತ್ತದೆ, ಓದದೆ ಒತ್ತುವವಳಿಗೆ ಎರಡೂ ಒಂದೇ ಎಂದು ಹೇಳಿದೆ. ಅದರ ಕಷ್ಟ ಬೇರೆ. ಎಲ್ಲವನ್ನೂ ನಮ್ಮ ಕೈಗೆ ಕೊಟ್ಟುಬಿಡುತ್ತದೆ, ಹೊಂದಿಸಿಕೊಳ್ಳುವುದನ್ನು ಕಲಿಸಲು ಯಾರನ್ನೂ ಕಳಿಸುವುದಿಲ್ಲ. ಆ ಕಲಿಕೆಗೆ ನಾವು ಒಂದು ದಿನವನ್ನೂ ಇಟ್ಟಿರಲಿಲ್ಲ. ಇಷ್ಟನ್ನು ಹೇಳುವಷ್ಟು ಧೈರ್ಯ ಎಲ್ಲಿಂದ ಬಂತೋ, ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲವಲ್ಲ.

ಈಗ ಪಟ್ಟಿಯಲ್ಲಿ ತಿಂಗಳನ್ನು ಅಕ್ಷರದಲ್ಲೇ ಮುದ್ರಿಸುತ್ತೇನೆ. ಪ್ರತಿಯೊಬ್ಬರೂ ತಮ್ಮ ಸಾಲು ಓದಿ, ಓದಲು ಬಾರದವರು ಓದಿಸಿಕೊಂಡು ಸಹಿ ಮಾಡಬೇಕು. ಫೆಬ್ರವರಿಯಲ್ಲೇ ಅದನ್ನು ಶುರು ಮಾಡಿದ್ದೆ, ಮೊದಲು ಕರೆದದ್ದು ಆಯಾಳನ್ನು. ಕೆಲಸಕ್ಕೆ ಮರಳಿ ವಾರವಾಗಿತ್ತು. ಜೂನ್ ಒಂದು ಎಂದು ಓದಿ ಹೇಳಿ ಪೆನ್ನು ಕೊಟ್ಟೆ. ಅವಳು ಪೆನ್ನು ಹಿಡಿದವಳು ಹಿಡಿದೇ ನಿಂತಳು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ಹುಟ್ಟಿದ್ದು ಜೂನದಾಗ ಅಲ್ರಿ. ಸಂಕ್ರಾಂತಿ ಎದುರಿಗೆ. ಎಳ್ಳ ಹುರಿಯಾಕತ್ತಾಗ ಬ್ಯಾನಿ ಬಂದುವು ಅಂತ ನಮ್ಮವ್ವ ಹೇಳತಿದ್ಲು. ನಿಮ್ಮ ಕಾಗದ ಬಂದಾಗ ನಮ್ಮ ತಂಗಿ ಕಣ್ಣ ಹತ್ರ ಹಿಡದ ಓದಿದ್ಲು, ಜನವರಿ ಅಂತ. ಕಂಪ್ಯೂಟರಕ ನನ್ನ ಖರೇ ತಾರೀಖ ಸಿಕ್ಕೈತಿ ಅಂದ್ಕೊಂಡೆ. ಇಷ್ಟ ವರ್ಷ ಸುಳ್ಳ ಹೇಳಿ ನೌಕರಿ ಮಾಡೀದಿ ಅಂತ ಹಿಡೀತಾರಂತ ಅಂಜಿದೆ. ಅದಕ ಬಾಯಿ ಬಿಡಲಿಲ್ರಿ."

ಡಿಸೆಂಬರಿನಿಂದ ಎರಡು ತಿಂಗಳು, ಅಕ್ಕತಂಗಿಯರಿಬ್ಬರೇ ಆ ಮನೆಯಲ್ಲಿ ಆ ಕಾಗದ ಇಟ್ಟುಕೊಂಡು ಕುಳಿತಿದ್ದರು. ನಾನು ಕೊಟ್ಟ ಸೀರೆಗೆ ಅವಳು ಯಾಕೆ ಹಾಗೆ ತಲೆ ತಗ್ಗಿಸಿ ಕೈಮುಗಿದಳು, ತಾರೀಖು ತಪ್ಪಾಗಿದೆ ಎಂದಾಗ ಯಾಕೆ ಬಿಳಿಚಿದಳು ಎಂಬುದು ಆಗ ತಿಳಿಯಿತು. ಒಬ್ಬ ಮಾಸ್ತರರು ಬರೆದದ್ದನ್ನು ತನ್ನ ಅಪರಾಧವೆಂದುಕೊಂಡು ಬದುಕಿದವಳು. ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು.

ಶಾಲೆಯ ದಾಖಲೆಯಲ್ಲಿ ಏನಿದೆಯೋ ಅದೇ ಕಾನೂನಿಗೆ ನಿನ್ನ ತಾರೀಖು, ನಮ್ಮಲ್ಲಿ ಇನ್ನೂ ಇಪ್ಪತ್ತೆರಡು ಮಂದಿಗೆ ಇದೇ ತಾರೀಖಿದೆ, ನೀನು ಸುಳ್ಳು ಹೇಳಿಲ್ಲ ಎಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಆಮೇಲೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

"ಹಂಗಾರ ಮೇ ತನಕ ಅಂಜಿಕಿ ಇಲ್ಲದ ಬರಬಹುದಲ್ರಿ?" ಎಂದು ಕೇಳಿದಳು.

"ಬರ್ರಿ" ಅಂದೆ. ಹದಿನೇಳು ವರ್ಷದಲ್ಲಿ ನಾನು ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.